ಕನ್ನಡ ಬಲ್ಲ ಫೋನು, ಕನ್ನಡ ಅರಿಯದ ಮಾಲು: ಆದರೂ ನಮ್ಮ ಮಕ್ಕಳು ಪೀಳಮೇಡಿಗೇ ಏಕೆ ಹೊರಡುತ್ತಾರೆ?

ಬೇಸಿಗೆ ರಜೆ ಸಮೀಪಿಸಿದೊಡನೆ ಕನ್ನಡ ಮಾಧ್ಯಮದ ಮಕ್ಕಳಿರುವ ನಮ್ಮ ಮನೆಗಳಲ್ಲಿ ಒಂದು ಮಾತು ಏಳುವುದು ಈಗ ವಾಡಿಕೆಯಾಗಿದೆ. ಕೊಯಮತ್ತೂರಿಗೆ ಹೋಗಬೇಕು, ಪೀಳಮೇಡಿನ ಅವಿನಾಶಿ ರಸ್ತೆಯ ಮೇಲಿರುವ ಫನ್ ರಿಪಬ್ಲಿಕ್ ಮಾಲನ್ನು ನೋಡಬೇಕು ಎಂಬುದು ಮಕ್ಕಳ ಬೇಡಿಕೆ. ಬೇಕಾದದ್ದನ್ನೆಲ್ಲ ಫೋನಿನಲ್ಲಿಯೇ ತರಿಸಿಕೊಳ್ಳಬಹುದಲ್ಲ, ಅಷ್ಟು ದೂರ ಬಸ್ಸಿನಲ್ಲಿ ಕುಳಿತು ಹೋಗುವ ಅಗತ್ಯವೇನು ಎಂಬುದು ತಂದೆತಾಯಿಯರ ಉತ್ತರ. ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಇಬ್ಬರೂ ಒಂದೇ ವಸ್ತುವಿನ ಕುರಿತು ಮಾತನಾಡುತ್ತಿಲ್ಲ ಎಂಬುದೇ ಈ ಲೇಖನದಲ್ಲಿ ನಾವು ವಿವರಿಸಲು ಹೊರಟಿರುವ ಸಂಗತಿ.

ಮೊದಲು ಒಂದು ವಿಚಿತ್ರವನ್ನು ಗಮನಿಸಬೇಕು. ಫ್ಲಿಪ್‌ಕಾರ್ಟ್ ತನ್ನ ಆ್ಯಪಿನಲ್ಲಿ ಕನ್ನಡವನ್ನು ಅಳವಡಿಸಿದ್ದು 2020ರ ಜೂನ್ ತಿಂಗಳಲ್ಲಿ; ಅಮೆಜಾನ್ ಅದೇ ವರ್ಷದ ಸೆಪ್ಟೆಂಬರಿನಲ್ಲಿ. ಅಂದಿನಿಂದ ತಾಳವಾಡಿಯ ಅಜ್ಜಿಯೊಬ್ಬರು ತಮ್ಮ ಮೊಮ್ಮಗಳ ನೆರವಿನಿಂದ ಕನ್ನಡದಲ್ಲಿಯೇ ಬೆಲೆ ಓದಿ, ಕನ್ನಡದಲ್ಲಿಯೇ ವಿಳಾಸ ನೋಡಿ, ಸಾಮಾನು ತರಿಸಿಕೊಳ್ಳುವುದು ಸಾಧ್ಯವಾಗಿದೆ. ಪೀಳಮೇಡಿನ ಮಾಲಿನಲ್ಲಾದರೋ ಫಲಕಗಳು ತಮಿಳು ಮತ್ತು ಇಂಗ್ಲಿಷಿನವು. ಅಂಗಡಿಯ ಹುಡುಗರು ಮಾತನಾಡುವುದು ತಮಿಳನ್ನು, ಇಲ್ಲವೇ ಹಿಂದಿಯನ್ನು. ಭಾಷೆಯೊಂದನ್ನೇ ಲೆಕ್ಕಕ್ಕೆ ಹಿಡಿದರೆ ಕನ್ನಡ ಕುಟುಂಬಕ್ಕೆ ಫೋನೇ ಹತ್ತಿರದ ಅಂಗಡಿಯಾಗಬೇಕಿತ್ತು. ಹಾಗಿದ್ದೂ ರಜೆಯ ದಿನ ಮಕ್ಕಳ ಮನಸ್ಸು ಓಡುವುದು ಮಾಲಿನತ್ತ. ಕಾರಣವನ್ನು ಸಾಮಾನಿನಲ್ಲಿ ಹುಡುಕಿದರೆ ಸಿಗುವುದಿಲ್ಲ. ಫೋನು ಅಂಗಡಿ, ಮಾಲು ಜಾತ್ರೆ. ಜಾತ್ರೆಗೆ ಹೋದವನನ್ನು ಬಳೆಯ ಬೆಲೆ ಊರಿನಲ್ಲಿಯೇ ಕಡಿಮೆಯಿತ್ತಲ್ಲವೇ ಎಂದು ಯಾರೂ ಕೇಳುವುದಿಲ್ಲ.

ಮಿಲ್ಲಿನ ಊರಿಗೆ ಮಾಲು ಬಂದ ಬಗೆ

ಕೊಯಮತ್ತೂರು ನಮ್ಮವರಿಗೆ ಪರಸ್ಥಳವಲ್ಲ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಕೊಳ್ಳೇಗಾಲವೇ ಕೊಯಮತ್ತೂರು ಜಿಲ್ಲೆಯ ತಾಲೂಕಾಗಿತ್ತು. ಈಗ ಈರೋಡು ಜಿಲ್ಲೆಗೆ ಸೇರಿರುವ ತಾಳವಾಡಿ ಭಾಗವೂ 1979ರಲ್ಲಿ ಆ ಜಿಲ್ಲೆ ರಚನೆಯಾಗುವವರೆಗೆ ಕೊಯಮತ್ತೂರಿನದೇ. ಕಚೇರಿಯ ಕೆಲಸಕ್ಕೂ ಮದುವೆಯ ಜವಳಿಗೂ ಹಿರಿಯರು ಘಟ್ಟ ಇಳಿದು ಬರುತ್ತಿದ್ದದ್ದು ಇಲ್ಲಿಗೇ. ನಗರದೊಳಗೇ ಕನ್ನಡ ಮನೆಮಾತಿನ ದೇವಾಂಗ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ; ಅವರ ಚೌಡೇಶ್ವರಿ ಗುಡಿಯ ವಿಜಯದಶಮಿಯ ಅಲಗುಸೇವೆಯನ್ನು ಕೊಯಮತ್ತೂರು ನಗರವೇ ನಿಂತು ನೋಡುತ್ತದೆ.

ಪೀಳಮೇಡು ನಗರದ ಪೂರ್ವದಿಕ್ಕಿಗೆ, ಅವಿನಾಶಿ ರಸ್ತೆಯ ಎರಡೂ ಬದಿಗೆ ಹಬ್ಬಿರುವ ಬಡಾವಣೆ. ರಾಧಾಕೃಷ್ಣ ಮಿಲ್ಲು, ರಂಗವಿಲಾಸ ಮಿಲ್ಲುಗಳಂತಹ ನೂಲಿನ ಗಿರಣಿಗಳು ಇದ್ದ ಊರು. ಪೈಕಾರಾ ಜಲವಿದ್ಯುತ್ತು 1930ರ ದಶಕದಲ್ಲಿ ಬಂದ ಮೇಲೆ ಕೊಯಮತ್ತೂರಿನ ಸುತ್ತ ಗಿರಣಿಗಳು ಒಂದರ ಹಿಂದೊಂದು ಎದ್ದವು. ಗಿರಣಿಯಿಂದ ಬಂದ ಸಂಪತ್ತಿನಿಂದ ಪಿ.ಎಸ್.ಜಿ. ಸಂಸ್ಥೆಗಳು ಬೆಳೆದವು, ಕಾಲೇಜು, ಆಸ್ಪತ್ರೆ, ಸಂಶೋಧನಾಲಯಗಳು ಬಂದವು. ವಿಮಾನ ನಿಲ್ದಾಣವೂ, ಕೊಡಿಸಿಯಾ ವಸ್ತುಪ್ರದರ್ಶನ ಸಂಕೀರ್ಣವೂ, ಟೈಡೆಲ್ ಪಾರ್ಕೂ ಇದೇ ದಿಕ್ಕಿನಲ್ಲಿವೆ. ವಿದ್ಯಾರ್ಥಿಗಳು, ರೋಗಿಗಳ ಕಡೆಯವರು, ಕಂಪ್ಯೂಟರ್ ಕಂಪನಿಗಳ ನೌಕರರು ಹೀಗೆ ಸಂಜೆಯ ಹೊತ್ತು ಕೂರಲು ಸ್ಥಳ ಹುಡುಕುವವರೇ ತುಂಬಿರುವ ಈ ರಸ್ತೆಯಲ್ಲಿ ಮಾಲು ಎದ್ದದ್ದು ಆಕಸ್ಮಿಕವಲ್ಲ.

ನಗರದ ಇತರ ಮಾಲುಗಳೂ ಸುಮಾರು ಇದೇ ಕಾಲದವು. ಕೃಷ್ಣಸ್ವಾಮಿ ರಸ್ತೆಯ ಬ್ರೂಕ್‌ಫೀಲ್ಡ್ಸ್ 2009ರದು. ಸತ್ಯಮಂಗಲದ ಹೆದ್ದಾರಿಯಲ್ಲಿ ಶರವಣಂಪಟ್ಟಿಯ ಕಡೆಗಿರುವ ಪ್ರೋಝೋನ್ 2017ರದು. ಘಟ್ಟದಿಂದ ಇಳಿದು ಬರುವವರಿಗೆ ದಾರಿಯಲ್ಲೇ ಸಿಗುವುದು ಪ್ರೋಝೋನ್; ಆದರೂ ಮಕ್ಕಳ ಬಾಯಲ್ಲಿ ಪೀಳಮೇಡಿನ ಹೆಸರೇ ಮೊದಲು ಬರುವುದನ್ನು ನಾವು ಕೇಳಿದ್ದೇವೆ. 2023ರಲ್ಲಿ ಲುಲು ಹೈಪರ್‌ಮಾರ್ಕೆಟ್ ತನ್ನ ಮಳಿಗೆಯನ್ನು ತೆರೆದದ್ದು ಅವಿನಾಶಿ ರಸ್ತೆಯ ಲಕ್ಷ್ಮಿ ಮಿಲ್ಲಿನ ಆವರಣದಲ್ಲಿ. ಆ ಮಿಲ್ಲು ಸ್ಥಾಪನೆಯಾದದ್ದು 1910ರಲ್ಲಿ. ಬಟ್ಟೆಗೆ ನೂಲು ತೆಗೆಯುತ್ತಿದ್ದ ನೆಲದಲ್ಲಿ ಈಗ ಬಟ್ಟೆಯೂ ತರಕಾರಿಯೂ ಮಾರಾಟವಾಗುತ್ತವೆ. ಬೆಂಗಳೂರಿನ ಮಲ್ಲೇಶ್ವರದಲ್ಲಿಯೂ ರಾಜಾ ಮಿಲ್ಲು ಇದ್ದ ಜಾಗದಲ್ಲಿ ಮಂತ್ರಿ ಮಾಲು ನಿಂತಿದೆ. ಮಿಲ್ಲು ಮಾಲಾಗಲು ಕನ್ನಡದಲ್ಲಿ ಒಂದು ಸ್ವರವಷ್ಟೇ ಬದಲಾದರೆ ಸಾಕು ಎಂದು ನಮ್ಮ ಮಿತ್ರರೊಬ್ಬರು ನಗುವುದುಂಟು.

ಮಾಲಿನ ಒಳಗುಟ್ಟು

ಇಂದು ನಾವು ಕಾಣುವ ಬಗೆಯ ಮುಚ್ಚಿದ, ತಂಪು ಮಾಡಿದ ಮಾಲಿನ ಮೂಲಪುರುಷನೆಂದು ಹೇಳಲಾಗುವವನು ವಿಕ್ಟರ್ ಗ್ರೂಯೆನ್. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕಕ್ಕೆ ವಲಸೆ ಹೋದ ಈ ವಾಸ್ತುಶಿಲ್ಪಿಯ ಸೌತ್‌ಡೇಲ್ ಸೆಂಟರ್ ಮಿನ್ನೆಸೋಟ ರಾಜ್ಯದಲ್ಲಿ 1956ರಲ್ಲಿ ತೆರೆಯಿತು. ಕೊಳ್ಳೇಗಾಲ ಮೈಸೂರಿಗೆ ಸೇರಿದ ವರ್ಷವೇ ಅದು. ಕಾರುಗಳಿಂದ ಚದುರಿಹೋದ ಊರಿಗೆ ಒಂದು ಚಾವಡಿಯನ್ನು ಕಟ್ಟಿಕೊಡಬೇಕು, ಜನ ಅಲ್ಲಿ ಸೇರಬೇಕು, ಕುಳಿತು ಮಾತನಾಡಬೇಕು ಎಂಬುದು ಅವನ ಉದ್ದೇಶ. ಕಟ್ಟಿಸಿದವರಿಗೆ ಬೇಕಾದದ್ದು ಮಾತಲ್ಲ, ಮಾರಾಟ. ಕೊನೆಗಾಲದಲ್ಲಿ ಗ್ರೂಯೆನ್ ತನ್ನ ಹೆಸರಿನಲ್ಲಿ ಎದ್ದ ಈ ಕಟ್ಟಡಗಳನ್ನು ತನ್ನವೆಂದು ಒಪ್ಪಲು ನಿರಾಕರಿಸಿದ. ನಮ್ಮ ದೇಶದಲ್ಲಿ ದೆಹಲಿಯ ಅನ್ಸಲ್ ಪ್ಲಾಝಾ, ಮುಂಬಯಿಯ ಕ್ರಾಸ್‌ರೋಡ್ಸ್ ಎರಡೂ 1999ರಲ್ಲಿ ಬಂದವು. ಬೆಂಗಳೂರಿನ ಕೋರಮಂಗಲದ ಫೋರಂ 2004ರಲ್ಲಿ.

ಮಾಲಿನ ಒಡೆಯನು ವ್ಯಾಪಾರಿಯಲ್ಲ, ಮನೆ ಬಾಡಿಗೆಗೆ ಕೊಟ್ಟವನಂತೆ. ಅಂಗಡಿಗಳಿಂದ ನಿಗದಿತ ಬಾಡಿಗೆಯನ್ನೋ, ಮಾರಾಟದಲ್ಲಿ ಪಾಲನ್ನೋ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನೋ ಪಡೆಯುತ್ತಾನೆ. ಆದ್ದರಿಂದ ಬಂದವರು ಎಷ್ಟು ಹೊತ್ತು ಒಳಗೆ ತಿರುಗಾಡುತ್ತಾರೆ ಎಂಬುದರ ಮೇಲೆ ಅವನ ವರಮಾನ ನಿಂತಿದೆ. ಊಟದ ಅಂಗಣವನ್ನೂ ಸಿನಿಮಾ ಮಂದಿರವನ್ನೂ ಮೇಲಂತಸ್ತಿನಲ್ಲಿ ಇಡುವುದು ಇದಕ್ಕಾಗಿಯೇ: ಹಸಿದವನೂ ಸಿನಿಮಾಕ್ಕೆ ಬಂದವನೂ ಉಳಿದೆಲ್ಲ ಅಂಗಡಿಗಳನ್ನು ದಾಟಿಯೇ ಮೇಲೇರಬೇಕು. ಒಂದು ಎಸ್ಕಲೇಟರ್ ಮುಗಿದೊಡನೆ ಮುಂದಿನದು ಅಲ್ಲೇ ಸಿಗುವುದಿಲ್ಲ. ಅರ್ಧ ಸುತ್ತು ನಡೆಯಬೇಕಾಗುತ್ತದೆ. ಒಳಗೆ ಗಡಿಯಾರ ಕಾಣುವುದು ಅಪರೂಪ, ಕಿಟಕಿಯಂತೂ ಇಲ್ಲವೇ ಇಲ್ಲ. ಹೊತ್ತು ಇಳಿದದ್ದು ಹೊರಗೆ ಬಂದ ಮೇಲೆಯೇ ತಿಳಿಯುವುದು. ಕೊಳ್ಳಬೇಕೆಂದು ಬಂದ ವಸ್ತುವನ್ನು ಮರೆತು ಕಣ್ಣಿಗೆ ಬಿದ್ದದ್ದನ್ನೆಲ್ಲ ಬಯಸತೊಡಗುವ ಆ ಮಂಕಿಗೆ ಗ್ರೂಯೆನ್‌ನ ಹೆಸರನ್ನೇ ಇಟ್ಟಿದ್ದಾರೆ. ಪಾಪ, ಅವನು ಬಯಸದ ಕೀರ್ತಿ.

ಇಷ್ಟೆಲ್ಲ ಹೂಟ ಇದ್ದರೂ ಮಾಲು ಬಂದವರಿಗೆ ಉಚಿತವಾಗಿ ಕೊಡುವ ಕೆಲವು ಸಂಗತಿಗಳಿವೆ, ಮತ್ತು ಅವು ಸಣ್ಣವಲ್ಲ. ಏಪ್ರಿಲ್ ಬಿಸಿಲಿನಲ್ಲಿ ತಂಪು. ಸ್ವಚ್ಛವಾದ ಶೌಚಾಲಯ. ಗಾಡಿಗಳ ಹಾವಳಿಯಿಲ್ಲದೆ ಎರಡು ವರ್ಷದ ಮಗು ಓಡಾಡಬಹುದಾದ ನುಣುಪು ನೆಲ. ಒಬ್ಬಂಟಿ ಹೆಣ್ಣುಮಗಳು ಒಂದು ಗಂಟೆ ಸುಮ್ಮನೆ ಕುಳಿತರೂ ಯಾಕೆ ಕುಳಿತೆ ಎಂದು ಕೇಳುವವರಿಲ್ಲದ ನೆಮ್ಮದಿ. ಬಸ್ ನಿಲ್ದಾಣದಲ್ಲಾಗಲೀ ಪೇಟೆಬೀದಿಯಲ್ಲಾಗಲೀ ಇವು ನಾಲ್ಕೂ ಒಟ್ಟಿಗೆ ದೊರೆಯುವುದಿಲ್ಲ. ಒಪ್ಪನಕ್ಕಾರ ಬೀದಿಯಲ್ಲಿ ಸೀರೆ ಆರಿಸುವಾಗ ಶೌಚಕ್ಕೆ ಹೋಗಬೇಕಾದ ತಾಯಂದಿರಿಗೆ ಇದರ ಬೆಲೆ ಗೊತ್ತು. ಮಾಲುಗಳ ಆಕರ್ಷಣೆಯನ್ನು ಆಡಂಬರವೆಂದು ತಳ್ಳಿಹಾಕುವವರು ಬಹುಮಟ್ಟಿಗೆ ಗಂಡಸರೇ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇವೆ.

ಮಕ್ಕಳಿಗೆ ಸಿಗುವುದು ಇನ್ನೊಂದು ಬಗೆಯದು. ಕನ್ನಡ ಶಾಲೆಯಲ್ಲಿ ಓದುವ ಮಗು ತನ್ನ ಊರಿನಲ್ಲಿ ಬಹುಸಂಖ್ಯಾತರ ನಡುವೆ ಇರುತ್ತದೆ. ರಾಜ್ಯದ ಲೆಕ್ಕದಲ್ಲಿ ಅಲ್ಪಸಂಖ್ಯಾತ. ಮಾಲಿಗೆ ಬಂದಾಗ ಅದು ಇಂಗ್ಲಿಷ್ ಫಲಕ ಓದುತ್ತದೆ, ಅಂಗಡಿಯವರ ತಮಿಳಿಗೆ ತಮಿಳಿನಲ್ಲಿ ಉತ್ತರಿಸುತ್ತದೆ, ತಿರುಗಿ ಅಜ್ಜಿಗೆ ಕನ್ನಡದಲ್ಲಿ ವಿವರಿಸುತ್ತದೆ. ಮೂರು ಭಾಷೆಗಳ ನಡುವೆ ಹೀಗೆ ಓಡಾಡುವ ಸಾಮರ್ಥ್ಯವನ್ನು ಪರೀಕ್ಷೆಯ ಅಂಕಪಟ್ಟಿ ತೋರಿಸುವುದಿಲ್ಲ. ದೊಡ್ಡ ಗಾಜಿನ ಕಟ್ಟಡವೊಂದರೊಳಗೆ ತನ್ನ ಮಾತಿಗೆ ಬೆಲೆಯಿದೆ ಎಂದು ಮಗು ಕಂಡುಕೊಳ್ಳುವ ಆ ಗಳಿಗೆಯನ್ನು ಯಾವ ಆ್ಯಪೂ ಮನೆಗೆ ತಂದುಕೊಡಲಾರದು.

ಪಂಚೆಯ ಪ್ರಶ್ನೆ

ಆದರೂ ಕೆಲವು ಹಿರಿಯರು ಮಾಲಿನ ಬಾಗಿಲಿನವರೆಗೆ ಬಂದು ಹಿಂಜರಿಯುತ್ತಾರೆ. ಪಂಚೆ ಉಟ್ಟವರನ್ನು ಒಳಗೆ ಬಿಡುತ್ತಾರೆಯೇ ಎಂಬ ಅಳುಕು. ಈ ಅಳುಕು ಆಧಾರವಿಲ್ಲದ್ದಲ್ಲ. 2024ರ ಜುಲೈಯಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ಮಾಲಿನಲ್ಲಿ, ಮಗನೊಂದಿಗೆ ಸಿನಿಮಾ ನೋಡಲು ಬಂದ ಹಾವೇರಿ ಜಿಲ್ಲೆಯ ವೃದ್ಧ ರೈತರೊಬ್ಬರನ್ನು ಪಂಚೆ ಉಟ್ಟಿದ್ದಾರೆಂಬ ಕಾರಣಕ್ಕೆ ತಡೆಯಲಾಯಿತು. ಕೈಯಲ್ಲಿ ಟಿಕೆಟ್ ಇತ್ತು. ವಿಷಯ ವಿಧಾನಮಂಡಲದಲ್ಲಿ ಚರ್ಚೆಯಾಯಿತು, ಸರ್ಕಾರ ಮಾಲನ್ನು ಏಳು ದಿನ ಮುಚ್ಚಿಸಿತು, ಮಾಲಿನವರು ಕ್ಷಮೆ ಯಾಚಿಸಿ ರೈತರನ್ನು ಸನ್ಮಾನಿಸಿದರು. ಸನ್ಮಾನದ ಶಾಲಿಗಿಂತ ಮೊದಲ ದಿನದ ಬಾಗಿಲು ತೆರೆದಿದ್ದರೆ ಲೇಸಿತ್ತು.

ತಮಿಳುನಾಡಿನಲ್ಲಿ ಈ ವಿಷಯಕ್ಕೆ ಸ್ಪಷ್ಟವಾದ ಕಾನೂನೇ ಇದೆ ಎಂಬುದನ್ನು ನಮ್ಮ ಓದುಗರು ತಿಳಿದಿರಬೇಕು. 2014ರಲ್ಲಿ ಚೆನ್ನೈನ ಕ್ಲಬ್ಬೊಂದು ವೇಷ್ಟಿ ಉಟ್ಟು ಬಂದ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿಗಳನ್ನೇ ಒಳಗೆ ಬಿಡಲಿಲ್ಲ. ಅದೇ ವರ್ಷದ ಆಗಸ್ಟಿನಲ್ಲಿ ವಿಧಾನಸಭೆ ಕಾಯ್ದೆಯೊಂದನ್ನು ಅಂಗೀಕರಿಸಿತು. ವೇಷ್ಟಿ ಅಥವಾ ಇತರ ಯಾವುದೇ ಭಾರತೀಯ ಸಾಂಪ್ರದಾಯಿಕ ಉಡುಪಿನ ಕಾರಣಕ್ಕೆ ಕ್ಲಬ್ಬಾಗಲೀ ಸಂಘವಾಗಲೀ ಕಂಪನಿಯಾಗಲೀ ಸಾರ್ವಜನಿಕ ಸ್ಥಳಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ. ಮೀರಿದರೆ ಒಂದು ವರ್ಷದವರೆಗೆ ಸೆರೆವಾಸ ಮತ್ತು 25,000 ರೂಪಾಯಿವರೆಗೆ ದಂಡ. ಕೊಯಮತ್ತೂರಿನಲ್ಲಿ ವೇಷ್ಟಿ ಉಟ್ಟವರೇ ಮಿಲ್ಲುಗಳನ್ನು ಕಟ್ಟಿಸಿದವರಾದ್ದರಿಂದ ಇಲ್ಲಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ತಡೆದರೆ ಕಾಯ್ದೆಯ ಹೆಸರು ಹೇಳಲು ಮೊಮ್ಮಗನಿಗೆ ತಿಳಿದಿರಲಿ.

ಫೋನಿನ ಅಂಗಡಿ ನಡೆಯುವ ಬಗೆ

ಇನ್ನು ಫೋನಿನ ಕಡೆಗೆ. ಅಮೆಜಾನ್, ಫ್ಲಿಪ್‌ಕಾರ್ಟ್‌ಗಳಂತಹ ವಿದೇಶಿ ಬಂಡವಾಳದ ಸಂಸ್ಥೆಗಳು ನಮ್ಮ ದೇಶದ ನಿಯಮದಂತೆ ಸ್ವತಃ ಸರಕು ಇಟ್ಟುಕೊಂಡು ನೇರವಾಗಿ ಗ್ರಾಹಕರಿಗೆ ಮಾರುವಂತಿಲ್ಲ. ಅವು ಸಂತೆಮಾಳದ ಗುತ್ತಿಗೆದಾರರಂತೆ. ಸರಕು ಬೇರೆ ಬೇರೆ ಮಾರಾಟಗಾರರದು. ಆ ಮಾರಾಟಗಾರನ ಹೆಸರು ಸಣ್ಣ ಅಕ್ಷರದಲ್ಲಿ ಇರುತ್ತದೆ, ಬಹುತೇಕರು ಓದುವುದಿಲ್ಲ. ಒಂದೇ ಬಗೆಯ ಶಾಲಾ ಚೀಲವನ್ನು ಐದು ಮಂದಿ ಐದು ಬೆಲೆಗೆ ಮಾರುತ್ತಿರಬಹುದು. ಸಂತೆಯಲ್ಲಾದರೆ ಮಾರುವವನ ಮುಖ ನೋಡಿ ನಾವು ಅಳೆಯುತ್ತೇವೆ; ಇಲ್ಲಿ ಅವನ ಹೆಸರು, ಹಿಂದೆ ಕೊಂಡವರ ಅಭಿಪ್ರಾಯ, ವಾಪಸು ಪಡೆಯುವ ಷರತ್ತು ಇವುಗಳೇ ಮುಖ.

ಬೆಲೆಯಲ್ಲಿ ಫೋನು ಗೆಲ್ಲುವುದಕ್ಕೆ ಕಾರಣ ಗುಟ್ಟಿನದೇನಲ್ಲ. ಅವಿನಾಶಿ ರಸ್ತೆಯ ಬಾಡಿಗೆ ಇಲ್ಲ, ತಂಪು ಯಂತ್ರದ ವಿದ್ಯುತ್ ಬಿಲ್ಲಿಲ್ಲ, ನಿಂತು ತೋರಿಸುವ ನೌಕರರಿಲ್ಲ. ಊರ ಹೊರಗಿನ ಗೋದಾಮೊಂದರಿಂದ ಸರಕು ನೇರ ಮನೆಗೆ. ಆದರೆ ಆ ಉಳಿತಾಯದ ಒಂದು ಭಾಗ ವಾಪಸು ಬರುವ ಸರಕಿನಲ್ಲಿ ಕರಗುತ್ತದೆ. ಬಟ್ಟೆ ಮತ್ತು ಪಾದರಕ್ಷೆಯಲ್ಲಿ ಇದು ಹೆಚ್ಚು, ಏಕೆಂದರೆ ಒಬ್ಬರ ‘ಎಂ’ ಇನ್ನೊಬ್ಬರ ‘ಎಲ್’ ಆಗಿರುತ್ತದೆ. ಬೆಳೆಯುವ ಮಕ್ಕಳ ಪಾದದ ಅಳತೆಯಂತೂ ಮೂರು ತಿಂಗಳಿಗೊಮ್ಮೆ ಸುಳ್ಳಾಗುತ್ತದೆ. ಶಾಲೆಯ ಕಪ್ಪು ಬೂಟನ್ನು ತೊಡಿಸಿ, ಎಬ್ಬಿಸಿ, ನಾಲ್ಕು ಹೆಜ್ಜೆ ನಡೆಸಿ, ಹೆಬ್ಬೆರಳಿನ ಮುಂದೆ ಎಷ್ಟು ಜಾಗವಿದೆ ಎಂದು ಒತ್ತಿ ನೋಡಿಯೇ ಕೊಳ್ಳಬೇಕೆಂಬುದು ನಮ್ಮ ದೃಢವಾದ ಅಭಿಪ್ರಾಯ. ನೋಟ್‌ಬುಕ್ಕು, ಜ್ಯಾಮಿಟ್ರಿ ಪೆಟ್ಟಿಗೆ, ನೀರಿನ ಬಾಟಲಿ, ಕುಕ್ಕರಿನ ಗ್ಯಾಸ್ಕೆಟ್ಟು ಇಂಥವನ್ನು ಫೋನಿನಲ್ಲಿ ತರಿಸಿದರೆ ನಷ್ಟವಿಲ್ಲ.

ಭಾಷೆಯ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ್ಯಪುಗಳ ಗುಂಡಿಗಳೂ ಶೀರ್ಷಿಕೆಗಳೂ ಅಚ್ಚುಕಟ್ಟಾದ ಕನ್ನಡದಲ್ಲಿ ಇರುವುದುಂಟು. ವಸ್ತುವಿನ ವಿವರಣೆ ಮಾತ್ರ ಅನೇಕ ವೇಳೆ ಯಂತ್ರಾನುವಾದ. ಬಟ್ಟೆಯ ಬಗೆ, ಖಾತರಿಯ ಷರತ್ತು, ಎಷ್ಟು ದಿನದೊಳಗೆ ವಾಪಸು ಎಂಬ ಮೂರು ಸಂಗತಿಗಳನ್ನು ಇಂಗ್ಲಿಷ್ ಪುಟದಲ್ಲಿಯೂ ಒಮ್ಮೆ ನೋಡುವುದು ಕ್ಷೇಮ. ಎಂಟನೆಯ ತರಗತಿಯ ಮಗುವಿಗೆ ಈ ಕೆಲಸ ಒಪ್ಪಿಸಬಹುದು. ಎರಡೂ ಭಾಷೆಯ ಪಾಠವನ್ನು ಎದುರುಬದುರು ಇಟ್ಟು ಓದುವುದು ಒಳ್ಳೆಯ ವ್ಯಾಕರಣ ಪಾಠವೂ ಹೌದು. ಮನೆಯಲ್ಲಿ ಕನ್ನಡ ಚೆನ್ನಾಗಿ ಓದಬಲ್ಲವರು ಕನ್ನಡ ಶಾಲೆಯ ಮಕ್ಕಳೇ ಆದ ಕಡೆ, ಷರತ್ತುಗಳನ್ನು ಹಿರಿಯರಿಗೆ ಓದಿ ಹೇಳುವ ಅಧಿಕಾರವೂ ಅವರದಾಗುತ್ತದೆ.

ಮಾಲಿನ ಎಸ್ಕಲೇಟರಿನಂತೆ ಫೋನಿನಲ್ಲಿಯೂ ಸುತ್ತಿಸುವ ಉಪಾಯಗಳಿವೆ. ‘ಇನ್ನು ಎರಡೇ ಉಳಿದಿವೆ’ ಎಂದು ಅವಸರಿಸುವುದು, ಕೇಳದ ವಿಮೆಯನ್ನೋ ದಾನವನ್ನೋ ಬಿಲ್ಲಿಗೆ ಸೇರಿಸುವುದು, ಕೊನೆಯ ಪುಟದಲ್ಲಷ್ಟೇ ಹೊಸ ಶುಲ್ಕ ತೋರಿಸುವುದು, ‘ಬೇಡ, ನನಗೆ ಉಳಿತಾಯ ಇಷ್ಟವಿಲ್ಲ’ ಎಂಬ ಗುಂಡಿಯನ್ನು ಒತ್ತಿಸಿ ನಾಚಿಸುವುದು. ಇವುಗಳನ್ನು ಡಾರ್ಕ್ ಪ್ಯಾಟರ್ನ್ ಎಂದು ಕರೆಯುತ್ತಾರೆ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ಮಾರ್ಗಸೂಚಿ ಹೊರಡಿಸಿ ಇಂತಹ 13 ಬಗೆಗಳನ್ನು ಹೆಸರಿಸಿ ನಿಷೇಧಿಸಿದೆ. ಮಾಲಿನಲ್ಲಿ ಕೈಚೀಲ ಹಿಡಿದ ಕೈ ಸೋತಾಗಲಾದರೂ ಕೊಳ್ಳುವುದು ನಿಲ್ಲುತ್ತದೆ. ಫೋನಿನಲ್ಲಿ ಕೈ ಸೋಲುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಮಲಗಿ ಕೊಂಡ ವಸ್ತುಗಳ ಪಟ್ಟಿಯನ್ನು ತಿಂಗಳ ಕೊನೆಗೆ ಒಮ್ಮೆ ಬರೆದು ನೋಡಿದವರಿಗೆ ಇದರ ಅರಿವಾದೀತು.

ಬಟ್ಟೆ ಎಲ್ಲಿಂದ ಬಂತು

ನಮ್ಮ ಕುಟುಂಬಗಳು ಹೆಚ್ಚು ಹಣ ಹಾಕುವುದು ಬಟ್ಟೆಗೆ. ಆದ್ದರಿಂದ ಈ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಪೀಳಮೇಡಿನಿಂದ ಅವಿನಾಶಿ ರಸ್ತೆಯನ್ನೇ ಹಿಡಿದು ಪೂರ್ವಕ್ಕೆ ಸಾಗಿದರೆ ಐವತ್ತು ಕಿಲೋಮೀಟರಿನ ಆಸುಪಾಸಿನಲ್ಲಿ ತಿರುಪ್ಪೂರು. ದೇಶದ ಬನಿಯನ್, ಟೀ ಶರ್ಟುಗಳ ರಾಜಧಾನಿ. ಮಾಲಿನಲ್ಲಿ ವಿದೇಶೀ ಹೆಸರು ಹೊತ್ತು ತೂಗುವ ಹತ್ತಿಯ ಟೀ ಶರ್ಟು ಇಲ್ಲಿಯೇ ಹೊಲಿದದ್ದಾಗಿರಬಹುದು. ಫೋನಿನಲ್ಲಿ ಅಗ್ಗಕ್ಕೆ ಕಾಣುವ ಟೀ ಶರ್ಟಿನ ಮಾರಾಟಗಾರನ ವಿಳಾಸವನ್ನು ಓದಿದರೆ ಅಲ್ಲಿಯೂ ತಿರುಪ್ಪೂರು ಎಂದಿರುವುದುಂಟು. ರೈಲು ನಿಲ್ದಾಣದ ಬಳಿಯ ಖಾದರ್‌ಪೇಟೆಯಲ್ಲಿ ರಫ್ತಿನಿಂದ ಉಳಿದ, ಇಲ್ಲವೇ ಸಣ್ಣ ಲೋಪಕ್ಕೆ ತಿರಸ್ಕೃತವಾದ ಸರಕು ಸಗಟಾಗಿಯೂ ಬಿಡಿಯಾಗಿಯೂ ಸಿಗುತ್ತದೆ. ಒಂದೇ ಊರಿನ ಬಟ್ಟೆಗೆ ಮೂರು ಕಡೆ ಮೂರು ಬೆಲೆ. ಮಾಲಿನ ಬೆಲೆಯಲ್ಲಿ ತಂಪೂ ದೀಪವೂ ಸೇರಿವೆ. ಫೋನಿನ ಬೆಲೆಯಲ್ಲಿ ಸಾಗಾಣಿಕೆಯೂ ವಾಪಸಾತಿಯ ನಷ್ಟವೂ ಸೇರಿವೆ. ಖಾದರ್‌ಪೇಟೆಯ ಬೆಲೆಯಲ್ಲಿ ನಮ್ಮ ಬೆವರು ಮತ್ತು ಚೌಕಾಸಿ ಸೇರಿವೆ. ಅಲ್ಲಿ ಹೊಲಿಗೆಯನ್ನು ಬೆಳಕಿಗೆ ಹಿಡಿದು ನೋಡಿ ಕೊಳ್ಳುವುದು ನಮ್ಮದೇ ಹೊಣೆ.

ಸೀರೆಯ ಕತೆ ಬೇರೆ. ಕೊಯಮತ್ತೂರು ಸೀಮೆಯ ಕೋವೈ ಕೋರಾ ಕಾಟನ್, ನೆಗಮಂ ಹತ್ತಿ ಸೀರೆ ಎರಡಕ್ಕೂ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಈ ಸೀಮೆಯ ನೇಕಾರರಲ್ಲಿ ಕನ್ನಡ ಮನೆಮಾತಿನ ದೇವಾಂಗರಿದ್ದಾರೆ. ಮಗ್ಗದ ಮುಂದೆ ಕುಳಿತವರು ಆಡುವ ಮಾತು ಕನ್ನಡ, ಲೆಕ್ಕ ಬರೆಯುವುದು ತಮಿಳಿನಲ್ಲಿ. ಫೋನಿನಲ್ಲಿ ‘ಕೈಮಗ್ಗ’ ಎಂಬ ಪದವನ್ನು ಹುಡುಕಿದರೆ ಬರುವ ಸೀರೆಗಳಲ್ಲಿ ಯಂತ್ರಮಗ್ಗದವು ಬೆರೆತಿರುತ್ತವೆ. ಚಿತ್ರ ನೋಡಿ ಭೇದ ತಿಳಿಯುವುದು ಪಳಗಿದವರಿಗೂ ಕಷ್ಟ. ಕೈಮಗ್ಗದ ಗುರುತುಪಟ್ಟಿ ಇದೆಯೇ ಎಂದು ನೋಡಬೇಕು, ಅಂಚನ್ನು ಮುಟ್ಟಬೇಕು, ಹಿಂಬದಿಯನ್ನು ತಿರುವಬೇಕು. ಮಾಲಿನಲ್ಲಿ ಇದು ಸಾಧ್ಯವಾದರೂ ಅಲ್ಲಿ ಇಂತಹ ಸೀರೆ ಇರುವುದು ಕಡಿಮೆ. 1935ರಲ್ಲಿ ಹುಟ್ಟಿದ ಕೋ-ಆಪ್‌ಟೆಕ್ಸ್ ಮಳಿಗೆಗಳೋ, ನೇಕಾರರ ಸಹಕಾರ ಸಂಘಗಳೋ ಹೆಚ್ಚು ಭರವಸೆಯ ಜಾಗ. ಸಂತೆಯ ಹೊತ್ತಿಗೆ ಮೂರು ಮೊಳ ನೇಯ್ದ ಎಂಬ ಗಾದೆಯನ್ನು ಕಟ್ಟಿದ ಭಾಷೆಯವರು ನಾವು. ನೇಯ್ದವನಿಗೂ ಸಂತೆಗೂ ಇರುವ ದೂರವನ್ನು ಮರೆಯುವುದು ನಮಗೆ ಒಪ್ಪುವ ಮಾತಲ್ಲ.

ನಿಂತವರು, ಓಡುವವರು

ಮಾಲಿನಲ್ಲಿ ಬಟ್ಟೆ ಮಡಿಸಿಡುವ ಹುಡುಗಿಯೂ, ಬಿಸಿಲಿನಲ್ಲಿ ಪೊಟ್ಟಣ ಹೊತ್ತು ಬರುವ ಹುಡುಗನೂ ನಮ್ಮ ಊರುಗಳಿಂದ ಹೋದವರಾಗಿರಬಹುದು. ಜವಳಿ ಅಂಗಡಿಯ ನೌಕರರು ದಿನವಿಡೀ ನಿಂತೇ ಇರಬೇಕಾಗಿದ್ದ ಕಾಲವಿತ್ತು. 2021ರಲ್ಲಿ ತಮಿಳುನಾಡು ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಗೆ ತಿದ್ದುಪಡಿ ತಂದು, ಪ್ರತಿಯೊಂದು ಅಂಗಡಿಯೂ ನೌಕರರಿಗೆ ಕೂರಲು ಆಸನ ಒದಗಿಸಬೇಕೆಂದು ವಿಧಿಸಿತು; ಕೇರಳ ಇದನ್ನು 2018ರಲ್ಲಿಯೇ ಮಾಡಿತ್ತು. ಪೊಟ್ಟಣ ತಲುಪಿಸುವವರಿಗಾಗಿ ತಮಿಳುನಾಡು ಸರ್ಕಾರ 2023ರ ಡಿಸೆಂಬರಿನಲ್ಲಿ ಪ್ರತ್ಯೇಕ ಕಲ್ಯಾಣ ಮಂಡಳಿಯನ್ನು ರಚಿಸಿದೆ. ಹತ್ತನೆಯ ತರಗತಿ ಮುಗಿಸಿ ಇಂತಹ ಕೆಲಸಕ್ಕೆ ಹೋಗುವ ಮಕ್ಕಳಿರುವ ಮನೆಗಳು ಈ ಎರಡನ್ನೂ ತಿಳಿದಿರುವುದು ಒಳ್ಳೆಯದು. ಮಂಡಳಿಯಲ್ಲಿ ಹೆಸರು ನೋಂದಾಯಿಸಿದವರಿಗಷ್ಟೇ ಅದರ ಸೌಲಭ್ಯ.

ಮೋಸವಾದರೆ ಎಲ್ಲಿಗೆ ಹೋಗುವುದು

ಇಲ್ಲಿ ಮಾಲಿಗೂ ಫೋನಿಗೂ ಕಾನೂನು ಒಂದೇ: 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ. ದೋಷವಿರುವ ವಸ್ತುವನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯೊಳಗೆ, ಅವಧಿ ಹೇಳದಿದ್ದರೆ 30 ದಿನದೊಳಗೆ, ವಾಪಸು ಪಡೆಯಲು ನಿರಾಕರಿಸುವುದು ಅನುಚಿತ ವ್ಯಾಪಾರ. ‘ಮಾರಿದ ಸರಕನ್ನು ಹಿಂದಕ್ಕೆ ಪಡೆಯುವುದಿಲ್ಲ’ ಎಂಬ ಫಲಕ ದೋಷದ ಸರಕಿಗೆ ಅನ್ವಯಿಸದು. ಬಣ್ಣ ಮನಸ್ಸಿಗೆ ಬರಲಿಲ್ಲ ಎಂಬ ಕಾರಣಕ್ಕೆ ಮಾತ್ರ ಈ ಹಕ್ಕು ದೊರೆಯುವುದಿಲ್ಲ. ಅದು ಅಂಗಡಿಯವರ ಔದಾರ್ಯ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಆನ್‌ಲೈನ್ ಸಂಸ್ಥೆಯ ಕುಂದುಕೊರತೆ ಅಧಿಕಾರಿ ದೂರನ್ನು 48 ಗಂಟೆಯೊಳಗೆ ಸ್ವೀಕರಿಸಿದ್ದಾಗಿ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಕೈಚೀಲಕ್ಕೆ ಹಣ ಪಡೆಯುವುದಾದರೆ ಅದನ್ನು ಗ್ರಾಹಕರಿಗೆ ಮೊದಲೇ ತಿಳಿಸಬೇಕು, ಬಿಲ್ಲಿನ ಕಟ್ಟೆಯಲ್ಲಿ ಹೇರುವಂತಿಲ್ಲ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2020ರಲ್ಲಿ ತೀರ್ಪಿತ್ತಿದೆ. ಮನೆಯಿಂದ ಚೀಲ ಒಯ್ದರೆ ಈ ವಾದವೇ ಬೇಕಿಲ್ಲ.

ಭಾಷೆಯ ದೃಷ್ಟಿಯಿಂದ ಇನ್ನೊಂದು ಮುಖ್ಯ ಸಂಗತಿ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಕನ್ನಡವೂ ಸೇರಿ 17 ಭಾಷೆಗಳಲ್ಲಿ ಅದು ದೂರು ಸ್ವೀಕರಿಸುತ್ತದೆ. ತಮಿಳುನಾಡಿನಲ್ಲಿ ಇದ್ದುಕೊಂಡೇ ಕನ್ನಡದಲ್ಲಿ ದೂರು ಹೇಳಬಹುದು. ಅಷ್ಟರಿಂದ ಸರಿಹೋಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗವಿದೆ. ವಸ್ತುವನ್ನು ಕೊಯಮತ್ತೂರಿನಲ್ಲಿ ಕೊಂಡಿದ್ದರೂ, ಮಾರಾಟಗಾರ ದೆಹಲಿಯವನಾಗಿದ್ದರೂ, ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಲು 2019ರ ಕಾಯ್ದೆ ಅವಕಾಶ ಕೊಟ್ಟಿದೆ. ಕೊಟ್ಟ ಹಣ 5 ಲಕ್ಷದವರೆಗಿದ್ದರೆ ಶುಲ್ಕವಿಲ್ಲ. ಬಿಲ್ಲು ಮಾತ್ರ ಜೋಪಾನವಾಗಿರಬೇಕು. ಮಾಲುಗಳ ಬಿಲ್ಲಿನ ಕಾಗದದ ಮೇಲಿನ ಅಕ್ಷರ ಕೆಲವೇ ತಿಂಗಳಲ್ಲಿ ಮಾಸಿಹೋಗುವುದರಿಂದ ಅಂದೇ ಒಂದು ಫೋಟೊ ತೆಗೆದಿಡುವುದು ಲೇಸು.

ಹೊರಡುವವರಿಗೆ

ಹೋಗುವುದೆಂದು ನಿಶ್ಚಯವಾದರೆ ಅದನ್ನು ಖರೀದಿಯ ಖರ್ಚಿನಲ್ಲಿ ಬರೆಯದೆ ಪ್ರವಾಸದ ಖರ್ಚಿನಲ್ಲಿ ಬರೆಯಬೇಕೆಂಬುದು ನಮ್ಮ ಸಲಹೆ. ಬಸ್ಸಿನ ದರ, ಊಟ, ಸಿನಿಮಾ ಟಿಕೆಟು, ಸ್ವಂತ ವಾಹನವಾದರೆ ನಿಲುಗಡೆಯ ಶುಲ್ಕ ಇವನ್ನು ಮೊದಲೇ ಕೂಡಿಸಿ ಒಂದು ಮೊತ್ತವನ್ನು ಮಕ್ಕಳ ಮುಂದೆಯೇ ಇಡುವುದು ಒಳ್ಳೆಯದು. ಮಕ್ಕಳ ಕೈಗೆ ಒಂದಿಷ್ಟು ಹಣ ಕೊಟ್ಟು, ಮಾಲಿನಲ್ಲಿ ಕಂಡ ವಸ್ತುವಿನ ಬೆಲೆಯನ್ನು ಫೋನಿನಲ್ಲಿಯೂ ನೋಡಿ, ಎಲ್ಲಿ ಕೊಳ್ಳುವುದೆಂದು ಅವರೇ ನಿರ್ಧರಿಸಲಿ. ಶೇಕಡಾವಾರು ಲೆಕ್ಕದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಅಭ್ಯಾಸವಿಲ್ಲ: ‘50 + 20 ರಿಯಾಯಿತಿ’ ಎಂದರೆ 70 ಅಲ್ಲ, 60 ಎಂಬುದನ್ನು ಆರನೆಯ ತರಗತಿಯ ಹುಡುಗಿ ಅಪ್ಪನಿಗೆ ತಿಳಿಸಿಕೊಡಲಿ. 1,000 ರೂಪಾಯಿಯ ಅಂಗಿಗೆ ಮೊದಲು 500 ಕಳೆದು, ಉಳಿದ 500ರಲ್ಲಿ 20 ಶೇಕಡಾ ಅಂದರೆ 100 ಕಳೆದರೆ ಕೊಡಬೇಕಾದದ್ದು 400. ಹಲವರು ಎಣಿಸುವಂತೆ 300 ಅಲ್ಲ.

ಗಾಂಧಿಪುರದಿಂದ ಪೀಳಮೇಡಿಗೆ ನಗರ ಬಸ್ಸುಗಳಿವೆ. ಸಾಧಾರಣ ದರದ ನಗರ ಬಸ್ಸುಗಳಲ್ಲಿ ಹೆಂಗಸರಿಗೆ 2021ರ ಮೇ ತಿಂಗಳಿನಿಂದ ಟಿಕೆಟ್ ಇಲ್ಲ. ತಾಳವಾಡಿಯಿಂದ ಬರುವವರಿಗೆ ಹೋಗಿ ಬರುವ ದಾರಿ ಒಂದೊಂದು ಕಡೆಗೆ ನೂರು ಕಿಲೋಮೀಟರಿಗೂ ಹೆಚ್ಚು, ನಡುವೆ ದಿಂಬಂ ಘಟ್ಟದ 27 ಕೊಂಡಿ ತಿರುವುಗಳು. ಅರಣ್ಯದೊಳಗಿನ ಆ ದಾರಿಯಲ್ಲಿ ರಾತ್ರಿ ವಾಹನ ಸಂಚಾರಕ್ಕೆ 2022ರಿಂದ ನಿರ್ಬಂಧಗಳಿರುವುದರಿಂದ ಬಾಡಿಗೆ ವಾಹನದಲ್ಲಿ ಬರುವವರು ಬಣ್ಣಾರಿಯ ತಪಾಸಣಾ ಠಾಣೆಯ ಸಮಯವನ್ನು ಮೊದಲೇ ವಿಚಾರಿಸಿ ಹೊರಡಬೇಕು. ಕಿಟಕಿಯಿಲ್ಲದ ಕಟ್ಟಡದೊಳಗೆ ಹೊತ್ತು ತಿಳಿಯುವುದಿಲ್ಲವಾದ್ದರಿಂದ ಮಧ್ಯಾಹ್ನ ಮೂರು ಗಂಟೆಗೆ ಫೋನಿನಲ್ಲಿ ಒಂದು ಅಲಾರಂ ಇಟ್ಟುಕೊಳ್ಳುವುದು ಉಚಿತ.